ಎರಡು ಬೆರಳಿನ ಬೀಗ

ರಂಜಿತಾ ಎದ್ದಳು, ಎಡಗೈಯಿಂದ ವಿಂಡೋಸ್ ಕೀ ಒತ್ತಿ ಹಿಡಿದು ಬಲಗೈಯಿಂದ ಎಲ್ ಒತ್ತಿದಳು. ಪರದೆಯ ಮೇಲಿದ್ದ ಪಟ್ಟಿ ಹೋಗಿ ಯಾವುದೋ ದೇಶದ ಸಮುದ್ರತೀರ ಬಂತು. ಅವಳು ಕೆಟಲ್ ಎತ್ತಿಕೊಂಡು ನೀರು ತರಲು ಹಿಂದಿನ ಬಾಗಿಲಿನಿಂದ ಹೋದಳು. ಎಲ್ಲ ಸೇರಿ ಮೂರು ಸೆಕೆಂಡಿನ ಕೆಲಸ. ತನ್ನ ಕುರ್ಚಿಯಿಂದ ಅರ್ಧ ಎದ್ದಿದ್ದ ಓಂಕಾರಮೂರ್ತಿ ಅರ್ಧಕ್ಕೇ ನಿಂತ. ಪೂರ್ತಿ ಎದ್ದು ಹೋಗಿ ನೋಡಲು ಅಲ್ಲಿ ಈಗ ಏನೂ ಇರಲಿಲ್ಲ. ಕೂತರೆ, ಎದ್ದದ್ದು ಯಾಕೆ ಎಂದು ತನಗೆ ತಾನೇ ಸಮಜಾಯಿಷಿ ಕೊಡಬೇಕಿತ್ತು. ಐವತ್ತೇಳು ವರ್ಷದ ಮೊಣಕಾಲು ಆ ಭಂಗಿಯಲ್ಲಿ ಹೆಚ್ಚು ಹೊತ್ತು ನಿಲ್ಲಲು ಒಪ್ಪಲಿಲ್ಲವಾದ್ದರಿಂದ ಕೂತ. ಶಾಬಾಸ್ ಓಂಕಾರಮೂರ್ತಿ ಎಂದುಕೊಂಡ. ಈ ಎರಡು ಬೆರಳಿನ ವಿದ್ಯೆಯನ್ನು ಅವಳಿಗೆ ಕಲಿಸಿದವನು, ಅದೂ ಹನ್ನೊಂದು ಜನರ ಎದುರು ಗದರಿಸಿ ಕಲಿಸಿದವನು, ಅವನೇ.

ಮೂಡಿಗೆರೆಯ ಬೆಳೆಗಾರರ ಸೊಸೈಟಿಯಲ್ಲಿ ಓಂಕಾರಮೂರ್ತಿ ಕಾಫಿಯ ರುಚಿ ನೋಡುವವನು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ದೊಡ್ಡ ಎಸ್ಟೇಟುಗಳಿಂದಲೂ ಎರಡೆಕರೆ ಮೂರೆಕರೆಯ ತೋಟಗಳಿಂದಲೂ ಪಾರ್ಚ್‌ಮೆಂಟ್ ಎಂಬ ಒಳಸಿಪ್ಪೆ ತೆಗೆಯದ ಬೀಜದ ಸ್ಯಾಂಪಲ್ಲುಗಳು ಬರುತ್ತವೆ. ರಂಜಿತಾ ಅವುಗಳ ಸಿಪ್ಪೆ ತೆಗೆಸಿ, ಹುರಿಸಿ, ಚೀಲದ ಮೇಲಿನ ಹೆಸರು ಕಿತ್ತು ನಂಬರ್ ಹಾಕುತ್ತಾಳೆ. ಯಾವ ನಂಬರು ಯಾರದು ಎಂಬ ಪಟ್ಟಿ ಅವಳ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಹೆಸರು ತಿಳಿಯದೆ, ಬರೀ ನಂಬರು ನೋಡಿ, ಹೀರಿ, ಉಗುಳಿ, ನೂರಕ್ಕೆ ಇಷ್ಟು ಎಂದು ಓಂಕಾರಮೂರ್ತಿ ಹೇಳಬೇಕು. ಎಂಬತ್ತು ಮುಟ್ಟಿದರೆ ಆ ಕಾಫಿ ಬೆಳೆದವರ ಹೆಸರಿನಲ್ಲೇ ಹೊರದೇಶಕ್ಕೆ ಹೋಗುವ ವಿಶೇಷ ಪಟ್ಟಿಗೆ ಸೇರುತ್ತದೆ, ಇಲ್ಲದಿದ್ದರೆ ಹತ್ತು ಜನರ ಕಾಫಿಯ ಜೊತೆ ಬೆರೆತು ರಾಶಿಗೆ ಹೋಗುತ್ತದೆ. ವ್ಯವಸ್ಥೆಯಲ್ಲಿ ತಪ್ಪೇನೂ ಇರಲಿಲ್ಲ. ಇದ್ದದ್ದು ಒಂದೇ ಕೊರತೆ, ಮೂರು ವರ್ಷದ ಹಿಂದೆ ಜ್ವರ ಬಂದು ಬಿಟ್ಟಾಗ ಓಂಕಾರಮೂರ್ತಿಯ ಮೂಗೂ ಅದರ ಜೊತೆಗೇ ಹೊರಟುಹೋಗಿತ್ತು. ನಾಲಿಗೆಗೆ ಹುಳಿ ಗೊತ್ತಾಗುತ್ತಿತ್ತು, ಕಹಿ ಗೊತ್ತಾಗುತ್ತಿತ್ತು, ಬಿಸಿ ಗೊತ್ತಾಗುತ್ತಿತ್ತು. ಉಳಿದದ್ದೆಲ್ಲ ಕಂದುಬಣ್ಣದ ಬಿಸಿನೀರು. ಒಂದು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಆ ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಎರಡನೆಯ ತಿಂಗಳು, ಒಂದು ತಿಂಗಳು ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂದು ಹೇಳಲಿಲ್ಲ. ಹೀಗೆ ಮೂರು ವರ್ಷ ಆಯಿತು.

ಅಷ್ಟು ದಿನ ನಡೆದದ್ದು ರಂಜಿತಾಳ ಮರೆವಿನಿಂದ. ಅವಳು ನೀರು ತರಲು ಹೋಗುವಾಗ ಪಟ್ಟಿಯನ್ನು ಪರದೆಯ ಮೇಲೆ ಹಾಗೇ ಬಿಟ್ಟು ಹೋಗುತ್ತಿದ್ದಳು. ಕೋಣೆಯ ಸಿಂಕಿನ ನೀರು ಕಾಫಿಗೆ ಆಗದು, ಹಿಂದಿನ ಅಂಗಳದ ನಲ್ಲಿಗೆ ಹೋಗಿ ಬರಲು ನಾಲ್ಕು ನಿಮಿಷ. ನಾಲ್ಕು ನಿಮಿಷದಲ್ಲಿ ಎಂಟು ಸಾಲು ಬಾಯಿಪಾಠ ಮಾಡುವುದು ಅವನಿಗೆ ಕಷ್ಟವಾಗಲಿಲ್ಲ. ಆಮೇಲೆ ಕಣ್ಣು ಮುಚ್ಚಿ, ಬಟ್ಟಲಿನ ಮೇಲೆ ಬಗ್ಗಿ, ದೊಡ್ಡ ಎಸ್ಟೇಟಾದರೆ ಮೂರು ಸೆಕೆಂಡು ಸುಮ್ಮನಿದ್ದು ಎಂಬತ್ತಮೂರೋ ಎಂಬತ್ತನಾಲ್ಕೋ ಅನ್ನುತ್ತಿದ್ದ. ಮಧ್ಯಮದವರಿಗೆ ಎಪ್ಪತ್ತೆಂಟು. ಕೇಳದ ಹೆಸರು, ಸಣ್ಣ ತೋಟ ಎಂದಾದರೆ ಎಪ್ಪತ್ತನಾಲ್ಕು. ಎಪ್ಪತ್ತನಾಲ್ಕು ಅವನಿಗೆ ಬಹಳ ಒಗ್ಗಿದ ಸಂಖ್ಯೆ. ಅದರಲ್ಲಿ ಅವಮಾನವೂ ಇಲ್ಲ, ಆಸೆಯೂ ಇಲ್ಲ, ಯಾರೂ ಅದನ್ನು ಪ್ರಶ್ನಿಸಲು ಬರುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕಿತ್ತು. ಪ್ರತಿ ಸಲ ರಂಜಿತಾ ಒಂದೇ ಚೀಲದ ಕಾಫಿಯನ್ನು ಎರಡು ಬೇರೆ ನಂಬರಿನಲ್ಲಿ ಇಡುತ್ತಾಳೆ, ರುಚಿ ನೋಡುವವನನ್ನು ಪರೀಕ್ಷಿಸಲು. ಆ ಪದ್ಧತಿ ಶುರು ಮಾಡಿದವನೂ ಅವನೇ, ಮೂಗು ಇದ್ದ ಕಾಲದ ಸೊಕ್ಕಿನಲ್ಲಿ. ಪಟ್ಟಿ ನೋಡಿಕೊಂಡಿದ್ದರಿಂದ ಆ ಎರಡಕ್ಕೂ ಹತ್ತಿರಹತ್ತಿರ ಅಂಕ ಕೊಡುತ್ತಿದ್ದ. ಪೂರ್ತಿ ಒಂದೇ ಕೊಟ್ಟರೆ ಅನುಮಾನ ಬಂದೀತೆಂದು ಅರ್ಧ ಅಂಕ ಹೆಚ್ಚುಕಡಿಮೆ ಮಾಡುತ್ತಿದ್ದ. ಆ ಅರ್ಧ ಅಂಕದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಈ ದಿನ ಮೇಜಿನ ಮೇಲೆ ಎಂಟು ನಂಬರುಗಳಿದ್ದವು, ಅವುಗಳಲ್ಲಿ ಯಾವ ಎರಡು ಒಂದೇ ಎಂಬುದು ಸಮುದ್ರತೀರದ ಹಿಂದೆ ಇತ್ತು.

ಎದ್ದು ಅವಳ ಮೇಜಿನ ಹತ್ತಿರ ಹೋದ. ಸಮುದ್ರತೀರದ ಮೂಲೆಯಲ್ಲಿ, ಈ ಚಿತ್ರ ನಿಮಗೆ ಇಷ್ಟವಾಯಿತೇ ಎಂದು ಕಂಪ್ಯೂಟರು ಕೇಳುತ್ತಿತ್ತು. ಒಂದು ಕೀ ಒತ್ತಿದ, ಪಾಸ್‌ವರ್ಡ್ ಕೇಳಿತು. ರಂಜಿತಾ ಎಂದು ಹೊಡೆದ, ತಪ್ಪು ಅಂದಿತು. ಅವಳ ಊರು ಹೊರನಾಡಿನ ಹತ್ತಿರ ಎಂಬುದು ನೆನಪಾಗಿ ಹೊರನಾಡು ಎಂದು ಹೊಡೆದ, ಅದೂ ತಪ್ಪು. ಅವಳಿಗೆ ಮಗುವಿದೆ, ಹೆಣ್ಣೋ ಗಂಡೋ, ಹೆಸರೇನು ಎಂದು ಯೋಚಿಸಿದ. ಆರು ವರ್ಷದಿಂದ ಎರಡು ಮೇಜಿನಾಚೆ ಕೂತಿರುವವಳ ಮಗುವಿನ ಹೆಸರು ಅವನು ಒಮ್ಮೆಯೂ ಕೇಳಿರಲಿಲ್ಲ. ಅವಳು ಬೀರುವಿನ ಬೀಗದ ಕೈ ಎಲ್ಲಿಡುತ್ತಾಳೆ ಎಂಬುದು ಗೊತ್ತಿತ್ತು, ಯಾವ ಹೊತ್ತಿಗೆ ನೀರಿಗೆ ಹೋಗುತ್ತಾಳೆ ಎಂಬುದು ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು, ಮಗುವಿನ ಹೆಸರು ಗೊತ್ತಿರಲಿಲ್ಲ. ಕಳ್ಳನಾದವನು ಇನ್ನಷ್ಟು ವಿಶ್ವಾಸದಿಂದ ಮಾತಾಡಿಸಿಕೊಂಡಿರಬೇಕಾಗಿತ್ತು ಎಂದು ಅನ್ನಿಸಿ ನಗು ಬಂತು, ನಗುವಿನ ಹಿಂದೆಯೇ ನಾಚಿಕೆಯೂ ಬಂತು. ಹಿಂದಿನ ಬಾಗಿಲು ಕಿರುಗುಟ್ಟಿದ್ದು ಕೇಳಿ, ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ಮುಂದಿನ ತಿಂಗಳ ಸಂಕಷ್ಟಿ ಯಾವತ್ತು ಎಂದು ಹುಡುಕತೊಡಗಿದ.

"ನೀರು ಕುದಿಯಕ್ಕೆ ಇಟ್ಟೆ ಸಾರ್" ಎಂದಳು ರಂಜಿತಾ. "ಹೊರಗೆ ರುಕ್ಮಿಣಮ್ಮ ಬಂದ್ ಕೂತಿದ್ದಾರೆ. ಜಾವಳಿಯವ್ರು. ಮೊದಲ್ನೇ ಬಸ್ಸಿಗೇ ಬಂದಿದ್ದಾರಂತೆ."

"ಇವತ್ತೇ ಯಾಕೆ ಬಂದ್ರು? ಲಿಸ್ಟು ಬೋರ್ಡಿಗೆ ಹಾಕೋದು ನಾಳೆ ಅಲ್ವನಾ?"

"ನಾನೂ ಹೇಳ್ದೆ. ಮನೇಲಿ ಕೂತ್ಕೊಂಡು ಎಂಥ ಮಾಡದು, ಇಲ್ಲೇ ಕೂರ್ತೀನಿ ಅಂದ್ರು."

ಕಳೆದ ಎರಡು ವರ್ಷವೂ ರುಕ್ಮಿಣಮ್ಮನ ಕಾಫಿಗೆ ಎಪ್ಪತ್ತನಾಲ್ಕು. ಓಂಕಾರಮೂರ್ತಿಗೆ ಅವರ ಮುಖಕ್ಕಿಂತ ಪಟ್ಟಿಯಲ್ಲಿ ಅವರ ಹೆಸರಿದ್ದ ಸಾಲು ಚೆನ್ನಾಗಿ ನೆನಪಿತ್ತು. ರುಕ್ಮಿಣಮ್ಮ, ಜಾವಳಿ, ಎರಡೂಕಾಲು ಎಕರೆ. ಮೇಲಿನ ಸಾಲಿನಲ್ಲಿ ಇನ್ನೂರು ಎಕರೆಯ ಎಸ್ಟೇಟಿತ್ತು, ಕೆಳಗಿನದರಲ್ಲಿ ನೂರೈವತ್ತರದು. ನಡುವೆ ಆ ಎರಡೂಕಾಲು ನೋಡಿದಾಗ ಅವನ ಕೈ ತಾನಾಗಿಯೇ ಎಪ್ಪತ್ತನಾಲ್ಕು ಬರೆದಿತ್ತು. ಆಮೇಲೆ ಮನೆಗೆ ಹೋಗಿ ಊಟ ಮಾಡಿ ಮಲಗಿದ್ದ, ನಿದ್ದೆ ಚೆನ್ನಾಗಿಯೇ ಬಂದಿತ್ತು. ಈ ಚೆನ್ನಾಗಿ ಬಂದ ನಿದ್ದೆಯೇ ಈಗ ಅವನನ್ನು ಹೆಚ್ಚು ಕಾಡಿತು. ಮೂರನೆಯ ಸಲವೂ ತಪ್ಪಿದರೆ ಆ ಹೆಂಗಸು ಇನ್ನು ಸ್ಯಾಂಪಲ್ಲು ಕಳಿಸುವುದಿಲ್ಲವೆಂದು ರಂಜಿತಾ ಹೇಳಿದ್ದಳು. ಕಳಿಸದಿದ್ದರೆ ಒಳ್ಳೆಯದೇ ಎಂದು ಒಂದು ಕ್ಷಣ ಅನ್ನಿಸಿದ್ದೂ ನೆನಪಾಯಿತು.

ಎಲ್ಲಕ್ಕೂ ಮೂಲ ಸೋಮವಾರದ ಮೀಟಿಂಗು. ಅದಕ್ಕೂ ಮೂಲ ಕಡುಬು. ಗೊಬ್ಬರದ ವಿಭಾಗದವರು ಎದ್ದು ಹೋದವರ ಕಂಪ್ಯೂಟರಿನಲ್ಲಿ ಕೂತು, ನಾಳೆ ಎಲ್ಲರಿಗೂ ನನ್ನ ಕಡೆಯಿಂದ ಕಡುಬು ಎಂದು ಅವರ ಹೆಸರಿನಲ್ಲೇ ಸುದ್ದಿ ಕಳಿಸುವ ಆಟ ಆಡುತ್ತಿದ್ದರು. ಸಿಕ್ಕಿಬಿದ್ದವನು ಮಾರನೆಯ ದಿನ ನಿಜವಾಗಿಯೂ ಕಡುಬು ತರಬೇಕು. ಹೋದ ವಾರ ಯಾರೋ ಸೆಕ್ರೆಟರಿ ಜಯಪ್ರಕಾಶರ ಕಂಪ್ಯೂಟರಿನಿಂದಲೇ ಕಳಿಸಿದರು, ಅದು ಆಫೀಸಿಗೆ ಹೋಗುವ ಬದಲು ಎಲ್ಲ ಸದಸ್ಯರಿಗೂ ಹೋಯಿತು. ಮಾರನೆಯ ಬೆಳಿಗ್ಗೆ ನಲವತ್ತು ಜನ ಬೆಳೆಗಾರರು ಜೀಪು ಮಾಡಿಕೊಂಡು ಬಂದರು. ಸೊಸೈಟಿಯೇ ಸಭೆ ಕರೆದರೆ ಹನ್ನೆರಡು ಜನ ಸೇರುವುದೂ ಕಷ್ಟ. ಜಯಪ್ರಕಾಶರು ಹೋಟೆಲಿನಿಂದ ಕಡುಬು ತರಿಸಿ, ಬಡಿಸಿ, ಕೈತೊಳೆದು, ಸೋಮವಾರ ಮೀಟಿಂಗು ಕರೆದರು. ಇನ್ನು ಮುಂದೆ ಎದ್ದವರು ಬೀಗ ಹಾಕಿಯೇ ಏಳಬೇಕು, ವಿಂಡೋಸ್ ಮತ್ತು ಎಲ್, ಇದನ್ನು ನೋಡಿಕೊಳ್ಳಲು ಒಬ್ಬರು ಬೇಕು ಎಂದರು. ಆಮೇಲೆ ಓಂಕಾರಮೂರ್ತಿಯ ಕಡೆ ತಿರುಗಿ, "ಶಿಸ್ತು ಅಂದ್ರೆ ನಮ್ಮಲ್ಲಿ ನೀವೇ ಅಲ್ವಾ" ಅಂದರು. ಅಷ್ಟು ಸಾಕಾಯಿತು. ಹೊಗಳಿಕೆಯ ವಾಸನೆ ಮಾತ್ರ ಅವನ ಮೂಗಿಗೆ ಇನ್ನೂ ತಟ್ಟುತ್ತಿತ್ತು. ಎದ್ದು ನಿಂತು, ನೇರ ರಂಜಿತಾಳ ಮೇಜಿಗೆ ಹೋಗಿ, ತೆರೆದಿದ್ದ ಪರದೆಗೆ ಬೆರಳು ತೋರಿಸಿ, ನೋಡಿ, ಇದೇ ಅಶಿಸ್ತು ಎಂದ. ನೀರಿಗೆ ಹೋದರೂ ಒತ್ತಬೇಕು, ಬಾಗಿಲ ತನಕ ಹೋದರೂ ಒತ್ತಬೇಕು, ನಂಬಿಕೆಯ ಕೆಲಸ ಇದು ಎಂದ. ನಂಬಿಕೆ ಎಂಬ ಮಾತನ್ನು ಎರಡು ಸಲ ಹೇಳಿದ. ರಂಜಿತಾ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಆಯ್ತು ಸಾರ್" ಎಂದು ಎರಡು ಬೆರಳು ಒತ್ತಿದಳು. ತಾನು ಮಾಡಿಕೊಂಡದ್ದು ಏನೆಂದು ಅವನಿಗೆ ಹೊಳೆದದ್ದು ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಬಾಳೆಹಣ್ಣು ಆರಿಸುತ್ತಿದ್ದಾಗ. ಹಣ್ಣಿನವನು ಚೀಲ ಹಿಡಿದು ಕಾಯುತ್ತಿದ್ದ, ಓಂಕಾರಮೂರ್ತಿ ಚಿಪ್ಪು ಕೈಯಲ್ಲಿ ಹಿಡಿದು ರಸ್ತೆ ನೋಡುತ್ತಾ ನಿಂತಿದ್ದ.

ಶಿಸ್ತಿನ ಮನುಷ್ಯನೆಂಬ ಹೆಸರನ್ನು ಮೂಗು ಹೋದ ಮೇಲೆ ಅವನು ಹೆಚ್ಚು ಜೋಪಾನ ಮಾಡಿದ್ದ. ರುಚಿಯ ಕೋಣೆಗೆ ಸೆಂಟು ಹಾಕಿಕೊಂಡು ಬರಬಾರದು, ಊದುಬತ್ತಿ ಹಚ್ಚಬಾರದು, ಎಲೆಅಡಿಕೆ ಕೂಡದು ಎಂಬ ನಿಯಮಗಳೆಲ್ಲ ಮೊದಲೂ ಇದ್ದವು. ಆದರೆ ಆಗ ಯಾರಾದರೂ ಮೀರಿದರೆ ಅವನಿಗೆ ಗೊತ್ತಾಗುತ್ತಿತ್ತು. ಈಗ ಗೊತ್ತಾಗದ್ದರಿಂದ ಆಗಾಗ ಅಂದಾಜಿನ ಮೇಲೆ ಗದರಿಸುತ್ತಿದ್ದ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ರಂಜಿತಾಳ ಜಡೆಯಲ್ಲಿ ಮಲ್ಲಿಗೆ ಕಂಡು, ಬಾಗಿಲಲ್ಲೇ ತಡೆದು, "ಈ ವಾಸನೇಲಿ ನಾನು ಹೇಗಮ್ಮಾ ಕಾಫಿ ನೋಡ್ಲಿ" ಎಂದು ಕೂಗಾಡಿದ. ಅವಳು ಜಡೆ ಮುಂದಕ್ಕೆ ಹಾಕಿಕೊಂಡು ನೋಡಿ, "ಪ್ಲಾಸ್ಟಿಕ್ ಹೂ ಸಾರ್, ಮಗಳದ್ದು" ಎಂದಳು. ಎಲ್ಲರೂ ನೋಡುತ್ತಿದ್ದರು. ಪ್ಲಾಸ್ಟಿಕ್ಕಿನ ವಾಸನೆಯೇ ಅತ್ಯಂತ ಕೆಟ್ಟದ್ದು, ನಿಮಗೆಲ್ಲ ಅದು ತಿಳಿಯುವುದಿಲ್ಲ ಎಂದು ಹೇಳಿ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಮಗಳದ್ದು ಎಂದಿದ್ದಳಲ್ಲ, ಹಾಗಾದರೆ ಹೆಣ್ಣುಮಗು. ಇಷ್ಟು ಈಗ ಗೊತ್ತಾಗಿ ಏನೂ ಉಪಯೋಗವಿರಲಿಲ್ಲ. ಮನೆಯಲ್ಲೂ ಇದೇ ಪಾಡು. ಒಲೆಯ ಮೇಲೆ ಹಾಲು ಉಕ್ಕಿ ಸೀದು ಕರಕಲಾಗುತ್ತಿದ್ದರೂ ಪಕ್ಕದಲ್ಲೇ ಪೇಪರು ಓದುತ್ತಾ ಕೂತಿದ್ದವನನ್ನು ಹೆಂಡತಿ ರಜನಿ ಸೊಂಟದ ಮೇಲೆ ಕೈಯಿಟ್ಟು ನೋಡಿದ್ದಳು. ಅವಳಿಗೆ ಆ ದಿನವೇ ತಿಳಿದಿರಬೇಕು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಆಮೇಲೆ ಅವಳು ಸಾರು ಬಡಿಸಿ ಚೆನ್ನಾಗಿದೆಯಾ ಎಂದು ಕೇಳುವುದನ್ನು ನಿಲ್ಲಿಸಿದಳು. ಮದುವೆಯಾದ ಮೂವತ್ತು ವರ್ಷದಲ್ಲಿ ಅವಳು ಅವನಿಗೆ ಮಾಡಿದ ದೊಡ್ಡ ಉಪಕಾರ ಅದು, ದೊಡ್ಡ ಅವಮಾನವೂ ಅದೇ.

"ರೆಡಿ ಸಾರ್" ಎಂದಳು ರಂಜಿತಾ. ಉದ್ದನೆಯ ಮೇಜಿನ ಮೇಲೆ ಎಂಟು ನಂಬರುಗಳು, ಒಂದೊಂದಕ್ಕೆ ಮೂರು ಬಟ್ಟಲು. ಪುಡಿಯ ಮೇಲೆ ಕುದಿನೀರು ಸುರಿದು ನಾಲ್ಕು ನಿಮಿಷ ಕಾದರೆ ಮೇಲೆ ಕೆನೆಯ ಹಾಗೆ ಪದರ ಕಟ್ಟುತ್ತದೆ. ಚಮಚದಿಂದ ಅದನ್ನು ಒಡೆದ ಕ್ಷಣ ಏಳುವ ಹಬೆಯಲ್ಲೇ ಕಾಫಿಯ ಅರ್ಧ ಜಾತಕ ಇರುತ್ತದೆ. ಒಂದು ಕಾಲದಲ್ಲಿ ಆ ಹಬೆಯಿಂದ ಅವನು ಏನೇನು ಹೇಳಿಬಿಡುತ್ತಿದ್ದ. ದೊಡ್ಡ ಪ್ಲಾಂಟರೊಬ್ಬರ ಕಾಫಿ ಮೂಸಿ, ಇದನ್ನು ಒಣಗಿಸಿದ ಕಣದಲ್ಲಿ ಹಲಸಿನ ಹಪ್ಪಳ ಒಣಗಿಸಿದ್ದೀರಿ ಎಂದಿದ್ದ. ಇಲ್ಲ ಎಂದು ಅವರು ವಾದಿಸಿ, ಮನೆಗೆ ಫೋನು ಮಾಡಿ, ಫೋನಿಟ್ಟು, ಅವನ ಕೈ ಕುಲುಕಿದ್ದರು. ಆ ಕಥೆ ಕಳಸದ ತನಕ ಹಬ್ಬಿತ್ತು. ಜನ ಹೇಳುತ್ತಾ ಹೇಳುತ್ತಾ ಹಪ್ಪಳ ಎಷ್ಟು ಎಂದೂ ಅವನು ಹೇಳಿದ್ದನೆಂದು ಸೇರಿಸಿದ್ದರು, ಅವನೂ ಅದನ್ನು ತಿದ್ದಿರಲಿಲ್ಲ. ಈಗ ಮೊದಲನೆಯ ಬಟ್ಟಲಿನ ಮೇಲೆ ಬಗ್ಗಿ ಪದರ ಒಡೆದ. ಮುಖಕ್ಕೆ ಬಿಸಿ ತಗಲಿತು, ಕನ್ನಡಕ ಮಂಜಾಯಿತು. ಅಷ್ಟೇ ಬಂತು.

ಕಣ್ಣು ಮುಚ್ಚಿ ನಿಂತವನಿಗೆ, ಹೇಳಿಬಿಡಲೇ ಎಂದು ಅನ್ನಿಸಿತು. ರಂಜಿತಾ, ನನಗೆ ಏನೂ ಗೊತ್ತಾಗುತ್ತಿಲ್ಲ. ಎಷ್ಟು ಸಣ್ಣ ವಾಕ್ಯ. ಮೂಡಿಗೆರೆಯಲ್ಲಿ ಅವನ ಅಪ್ಪನ ಬಟ್ಟೆಯಂಗಡಿಯನ್ನು ಎಲ್ಲರೂ ಮರೆತಿದ್ದಾರೆ, ಅಣ್ಣಂದಿರು ಯಾರಿಗೂ ಗುರುತಿಲ್ಲ, ಅವನೊಬ್ಬನನ್ನು ಬೀದಿಯಲ್ಲಿ ಪ್ಲಾಂಟರುಗಳು ಜೀಪು ನಿಲ್ಲಿಸಿ ಮಾತಾಡಿಸುತ್ತಾರೆ. ಅದಕ್ಕೆ ಕಾರಣವಾದದ್ದು ಆ ಮೂಗೊಂದೇ. ಅದು ಇಲ್ಲ ಎಂದು ಹೇಳಿದ ಕ್ಷಣದಿಂದ ಅವನು ಯಾರು? ಈ ಪ್ರಶ್ನೆ ಬಹಳ ಘನವಾಗಿ ಕೇಳಿಸಿದ್ದರಿಂದ ಅವನಿಗೇ ಸಂಕೋಚವಾಯಿತು. ಜೀಪು ನಿಲ್ಲಿಸುವುದಿಲ್ಲ, ಅಷ್ಟೇ ತಾನೇ ಎಂದುಕೊಂಡ. ಆದರೂ ಬಾಯಿಂದ ಹೊರಬಂದದ್ದು "ಒಂದು, ಎಪ್ಪತ್ತೆಂಟು" ಎಂಬ ಮಾತು. ರಂಜಿತಾ ಬರೆದುಕೊಂಡಳು. ಎರಡನೆಯದಕ್ಕೂ ಎಪ್ಪತ್ತೆಂಟು. ಮೂರನೆಯದನ್ನು ಹೀರುವಾಗ ಅವಳು ಸ್ವಲ್ಪ ಮುಂದಕ್ಕೆ ಬಗ್ಗಿದಂತೆ ಕಂಡಿತು. ಇದು ಯಾವುದೋ ದೊಡ್ಡ ಎಸ್ಟೇಟಿನದೇ ಇರಬೇಕು, ಅವಳಿಗೆ ಗೊತ್ತಿದೆ, ಅದಕ್ಕೇ ಬಗ್ಗಿದ್ದಾಳೆ ಎಂದು ಲೆಕ್ಕ ಹಾಕಿ ಎಂಬತ್ತಮೂರು ಅಂದ. ನಾಲ್ಕಕ್ಕೆ ಅವಳ ಮುಖದಲ್ಲಿ ಏನೂ ಇರಲಿಲ್ಲ, ಎಪ್ಪತ್ತಾರು. ಐದು ಆರು ಹೇಗೋ ದಾಟಿದ. ಏಳನೆಯದಕ್ಕೆ ಬಂದಾಗ ಅವಳು ಗೋಡೆಯ ಗಡಿಯಾರ ನೋಡಿದಳು. ಗಡಿಯಾರ ನೋಡುವಂಥ ಕಾಫಿಗೆ ಎಪ್ಪತ್ತನಾಲ್ಕು ಸಾಕು ಎಂದು ಅದನ್ನೇ ಕೊಟ್ಟ. ಎಂಟನೆಯದಕ್ಕೆ ಧೈರ್ಯ ಬಂದು ಎಂಬತ್ತೊಂದು ಅಂದ. ಮೂವತ್ತೊಂದು ವರ್ಷ ಕಾಫಿ ಓದಿದವನು ಈಗ ಒಬ್ಬ ಹೆಣ್ಣುಮಗಳ ಕುತ್ತಿಗೆ ಎಷ್ಟು ಬಗ್ಗಿತು ಎಂದು ಓದುತ್ತಿದ್ದ. ಆ ವಿದ್ಯೆಯಲ್ಲಿ ಅವನಿಗೆ ಪಾಸಾಗುವಷ್ಟೂ ಅಂಕ ಬರುವಂತಿರಲಿಲ್ಲ.

ರಂಜಿತಾ ತನ್ನ ಮೇಜಿಗೆ ಹೋಗಿ ಪಾಸ್‌ವರ್ಡ್ ಹೊಡೆದಳು. ಪಟ್ಟಿ ತೆರೆದು ಅಂಕಗಳನ್ನು ತುಂಬುತ್ತಾ ಹೋದವಳ ಕೈ ನಿಂತಿತು. ಅವನು ಬಾಯಿ ಮುಕ್ಕಳಿಸುವ ನೆಪದಲ್ಲಿ ಸಿಂಕಿನ ಹತ್ತಿರವೇ ನಿಂತಿದ್ದ.

"ಸಾರ್, ಮೂರೂ ಏಳೂ ಒಂದೇ ಚೀಲದ್ದು."

ಅವನು ನಲ್ಲಿ ನಿಲ್ಲಿಸಿದ.

"ಮೂರಕ್ಕೆ ಎಂಬತ್ಮೂರು ಕೊಟ್ಟಿದ್ದೀರಿ. ಏಳಕ್ಕೆ ಎಪ್ಪತ್ನಾಕು."

"ನೀನು ಬರೆದುಕೊಂಡಿದ್ದು ಸರೀನಾ?"

"ಸರಿಯಾಗೇ ಬರ್ದಿದ್ದೀನಿ ಸಾರ್."

ನೀರಿನ ಬಿಸಿ ಹೆಚ್ಚುಕಡಿಮೆ ಆಗಿರಬಹುದು ಎಂದ. ಏಳನೆಯದರ ಬಟ್ಟಲು ಸರಿಯಾಗಿ ತೊಳೆದಿಲ್ಲ ಎಂದ. ಬೆಳಿಗ್ಗೆ ತಾನು ತಿಂದ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಾಗಿತ್ತು ಎಂದ. ರಂಜಿತಾ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡು, ಕೋಪವಿಲ್ಲದೆ, ಬಸ್ಸಿನ ಟೈಮು ಕೇಳುವವಳ ಹಾಗೆ, "ಹಂಗಾದ್ರೆ ಮೂಗು ವಾಪಸ್ ಬಂದಿಲ್ವಾ ಸಾರ್?" ಎಂದು ಕೇಳಿದಳು.

ಅವನು ಸ್ಟೂಲಿನ ಮೇಲೆ ಕೂತ. "ಯಾವಾಗಿಂದ ಗೊತ್ತು ನಿಂಗೆ?"

"ಪ್ಲಾಸ್ಟಿಕ್ ಹೂವಿನ ದಿನ ಅನುಮಾನ ಬಂತು. ಆಮೇಲೆ ಒಂದಿನ ಹಾಲು ಸೀದಿತ್ತು, ನೀವು ಪೂರ್ತಿ ಟೀ ಕುಡುದ್ರಿ. ಅವತ್ತು ಗ್ಯಾರಂಟಿ ಆಯ್ತು."

"ಮತ್ತೆ ಪಟ್ಟಿ? ನಾನು ನೋಡೋದು?"

"ಮೌಸು ಜಾಗ ಬದ್ಲಾಗಿರದು ಸಾರ್. ಅದಕ್ಕೇ ಆಮೇಲಾಮೇಲೆ ನಾನೇ ಬೇಕು ಅಂತ ತೆಗ್ದಿಟ್ಟು ಹೋಗ್ತಿದ್ದೆ. ನೀರು ತಂದ್ಮೇಲೂ ಸ್ವಲ್ಪ ಹೊತ್ತು ಹಿಂದೇನೇ ನಿಂತಿರ್ತಿದ್ದೆ, ನಿಮಗೆ ಟೈಮ್ ಸಾಕಾಗ್ಲಿ ಅಂತ."

ಅವನ ಕಣ್ಣು ತುಂಬಿತು. ಈ ಲೋಕದಲ್ಲಿ ಒಬ್ಬಳು, ಸದ್ದಿಲ್ಲದೆ, ಪ್ರತಿಫಲ ಬಯಸದೆ ತನ್ನ ಮಾನ ಕಾಪಾಡಿಕೊಂಡು ಬಂದಿದ್ದಳು; ಅವಳನ್ನೇ ಹನ್ನೊಂದು ಜನರ ಎದುರು ಅಶಿಸ್ತಿನವಳೆಂದು ಬೈದೆನಲ್ಲ ಎಂದು ಸಂಕಟವಾಯಿತು. "ಎಷ್ಟು ದೊಡ್ಡ ಮನಸ್ಸು ನಿಂದು" ಎಂದು ಹೇಳಲು ಬಾಯಿ ತೆರೆದ.

"ನಿಮ್ಮ ಮೂಗು ಹೋಗಿದ್ದು ಗೊತ್ತಾದ್ರೆ ಈ ರೂಮನ್ನೇ ಚಿಕ್ಕಮಗಳೂರಿಗೆ ಶಿಫ್ಟ್ ಮಾಡ್ತಾರೆ ಸಾರ್" ಎಂದಳು ರಂಜಿತಾ. "ನನ್ನ ಕೆಲ್ಸಾನೂ ಹೋಗುತ್ತೆ. ಮಗಳ ಸ್ಕೂಲು ಇಲ್ಲೇ. ಅದಕ್ಕೇ."

ಅವನು ಬಾಯಿ ಮುಚ್ಚಿದ. ಬಂದಿದ್ದ ಕಣ್ಣೀರನ್ನು ಏನು ಮಾಡುವುದೆಂದು ತಿಳಿಯದೆ ಕನ್ನಡಕ ತೆಗೆದು ಒರೆಸಿದ. "ಮತ್ತೆ ಇವತ್ತು ಯಾಕೆ ಲಾಕ್ ಮಾಡಿದೆ?"

"ನೀವೇ ಅಲ್ವಾ ಅಷ್ಟು ಜೋರಾಗಿ ಹೇಳಿದ್ದು. ನಂಬಿಕೆ ನಂಬಿಕೆ ಅಂತ. ಓ, ಸಾರಿಗೆ ಮೂಗು ವಾಪಸ್ ಬಂದಿದೆ, ಅದಕ್ಕೇ ಇಷ್ಟು ಧೈರ್ಯ ಅಂದ್ಕೊಂಡೆ. ಖುಷಿನೂ ಆಯ್ತು." ಅವಳು ಪರದೆಯ ಕಡೆ ತಿರುಗಿದಳು. "ಈಗ ಎಂಥ ಮಾಡದು ಹೇಳಿ. ಎರಡಕ್ಕೂ ಎಂಬತ್ಮೂರು ಹಾಕ್ಬಿಡ್ಲಾ? ಪಾಪ, ಅವ್ರಿಗೂ ಒಳ್ಳೇದಾಗುತ್ತೆ. ರುಕ್ಮಿಣಮ್ಮಂದೇ ಅದು."

ಎರಡಕ್ಕೂ ಎಂಬತ್ತಮೂರು. ಓಂಕಾರಮೂರ್ತಿಯ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಯಾರಿಗೂ ನಷ್ಟವಿಲ್ಲ. ರುಕ್ಮಿಣಮ್ಮ ಪಟ್ಟಿಗೆ ಸೇರುತ್ತಾರೆ, ರಂಜಿತಾಳ ಮಗಳು ಅದೇ ಸ್ಕೂಲಿಗೆ ಹೋಗುತ್ತಾಳೆ, ಜೀಪುಗಳು ಬೀದಿಯಲ್ಲಿ ನಿಲ್ಲುತ್ತವೆ. ಎರಡು ವರ್ಷದ ತಪ್ಪಿಗೆ ಇದು ಪ್ರಾಯಶ್ಚಿತ್ತವೂ ಆಯಿತು. ಇಷ್ಟು ಅಗ್ಗವಾಗಿ ಸಿಗುವ ಪ್ರಾಯಶ್ಚಿತ್ತವನ್ನು ಬಿಡುವಷ್ಟು ದಡ್ಡ ಅವನಲ್ಲ. "ಹೂಂ, ಹಾಕು" ಎಂದ. ಅಷ್ಟಕ್ಕೇ ನಿಲ್ಲದೆ, ಒಳ್ಳೆಯ ಸುದ್ದಿ ತಾನೇ ಹೇಳಿ ಒಂದು ನಮಸ್ಕಾರ ಗಿಟ್ಟಿಸೋಣ ಎಂದು ಹೊರಗಿನ ಬೆಂಚಿನ ಕಡೆ ನಡೆದ. ಹೆಜ್ಜೆ ಹಾಕುವಾಗ ಮುಖದ ಮೇಲೆ ಗಂಭೀರವಾದ, ಕೊಡುಗೈಯವನ ಕಳೆಯೊಂದು ತಾನಾಗಿ ಬಂದು ಕೂತದ್ದು ಅವನ ಅರಿವಿಗೆ ಬಂತು. ಅದನ್ನು ಅವನು ತೆಗೆಯಲಿಲ್ಲ.

ರುಕ್ಮಿಣಮ್ಮ ಬೆಂಚಿನ ತುದಿಯಲ್ಲಿ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅರವತ್ತು ದಾಟಿದ ಗಟ್ಟಿ ಹೆಂಗಸು. ಬೆರಳ ತುದಿಗಳು ಹಣ್ಣು ಬಿಡಿಸಿ ಬಿಡಿಸಿ ಕಪ್ಪಾಗಿದ್ದವು. ಅವನನ್ನು ಕಂಡು ಎದ್ದು ನಿಂತರು. ಸೆಕ್ರೆಟರಿ ಜಯಪ್ರಕಾಶರು ಅಲ್ಲೇ ನೋಟಿಸ್ ಬೋರ್ಡಿನ ಹತ್ತಿರ ಹಳೆಯ ಕಾಗದ ಕೀಳುತ್ತಿದ್ದರು.

"ಆಯ್ತಾ ಸಾರ್ ನಂದು?" ಎಂದರು ರುಕ್ಮಿಣಮ್ಮ. ಅವನು ಉತ್ತರ ಕೊಡುವ ಮೊದಲೇ, ಅವನ ಗಂಭೀರ ಮುಖ ನೋಡಿ ಹೆದರಿದರೋ ಏನೋ, ಬೇಗ ಬೇಗ ಮಾತಾಡಿದರು. "ಈ ಸಲ ನೀವು ಹೇಳಿದ್ದೆಲ್ಲ ಮಾಡಿದ್ದೀನಿ ಸಾರ್. ಬರೀ ಕೆಂಪು ಹಣ್ಣೇ ಕೊಯ್ಸಿದ್ದು. ಬೀಜ ತೊಳೆಯೋ ನೀರು ಮೂರು ಸಲ ಬದ್ಲಾಯ್ಸಿದ್ದೀನಿ. ಮತ್ತೆ ಆ ಮರಾನೂ ಕಡ್ಸಿದೆ."

"ಯಾವ ಮರ?"

"ಸಂಪಿಗೆ. ಹೋದ ವರ್ಷ ನೀವೇ ಹೇಳಿದ್ರಲ್ಲ, ಕಾಫೀಲಿ ಎಂಥದೋ ಹೂವಿನ ವಾಸನೆ ಕೂತಿದೆ, ಕಣದ ಹತ್ರ ಹೂವಿನ ಮರ ಏನಾದ್ರೂ ಇದ್ಯಾ ಅಂತ. ನಮ್ಮತ್ತೆ ನೆಟ್ಟಿದ್ದು ಅದು. ನಾನು ಮದುವೆಯಾಗಿ ಬಂದಾಗ್ಲೇ ಅಷ್ಟುದ್ದ ಇತ್ತು. ಮನೇಲಿ ಬ್ಯಾಡ ಅಂದ್ರು. ನಾನೇ, ಇಲ್ಲ, ಅವ್ರ ಮೂಗು ಸುಳ್ಳು ಹೇಳಲ್ಲ, ಹಪ್ಪಳ ಒಣಗ್ಸಿದ್ದೇ ಹೇಳಿದವ್ರು ಅಂತ ಜಗಳ ಮಾಡಿ ಕಡ್ಸಿದೆ."

ಅವನಿಗೆ ನೆನಪಾಯಿತು. ಹೋದ ವರ್ಷ ಇದೇ ಬೆಂಚಿನ ಹತ್ತಿರ, ಎಪ್ಪತ್ತನಾಲ್ಕು ಯಾಕೆ ಎಂದು ಈ ಹೆಂಗಸು ಕೇಳಿದಾಗ ಬಸ್ಸಿಗೆ ಹೊತ್ತಾಗುತ್ತಿತ್ತು. ಏನಾದರೊಂದು ಹೇಳಬೇಕಿತ್ತು. ಕಣ್ಣು ಅರ್ಧ ಮುಚ್ಚಿ ಹೂವಿನ ವಾಸನೆ ಎಂದಿದ್ದ. ಹೇಳುವಾಗ ಮಾತು ಚೆನ್ನಾಗಿ ಬಂತೆಂದು ಖುಷಿಯೂ ಪಟ್ಟಿದ್ದ. ಹೂವಿನ ಪರಿಮಳ ಇದ್ದರೆ ಅದು ಕಾಫಿಯ ಗುಣವೇ ಹೊರತು ದೋಷವಲ್ಲ ಎಂಬುದು ಮೊದಲ ವರ್ಷದ ಪಾಠ. ಅದನ್ನೂ ಮರೆತು ಸುಳ್ಳು ಹೇಳಿದ್ದ. ಎಂಬತ್ತಮೂರು ಎಂಬ ಮಾತು ಬಾಯಿಯ ತನಕ ಬಂದು ಅಲ್ಲೇ ನಿಂತಿತು. ಈಗ ಹೇಳಿದರೆ ಮರ ಕಡಿದದ್ದರಿಂದಲೇ ಬಂತೆಂದು ಈ ಹೆಂಗಸು ಮನೆಗೆ ಹೋಗಿ ಹೇಳುತ್ತಾರೆ, ಸಾಯುವ ತನಕ ಹಾಗೆಯೇ ನಂಬಿಕೊಂಡಿರುತ್ತಾರೆ. ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು, ಇದರಲ್ಲಿ ನಗುವಂಥದ್ದು ಏನೂ ಸಿಗಲಿಲ್ಲ.

"ರುಕ್ಮಿಣಮ್ಮ, ನನಗೆ ವಾಸನೆ ಬರಲ್ಲ" ಎಂದ. "ಮೂಗು ಹೋಗಿ ಮೂರು ವರ್ಷ ಆಯ್ತು. ನಿಮ್ಮ ಕಾಫೀಲಿ ಹೂವಿನ ವಾಸನೆ ಇತ್ತೋ ಇಲ್ವೋ ನನಗೆ ಗೊತ್ತಿಲ್ಲ. ನಾನು ಸುಳ್ಳು ಹೇಳಿದೆ."

ಜಯಪ್ರಕಾಶರ ಕೈ ಬೋರ್ಡಿನ ಮೇಲೇ ನಿಂತಿತು. ರಂಜಿತಾ ಬಾಗಿಲಿಗೆ ಬಂದು ನಿಂತಿದ್ದಳು. ರುಕ್ಮಿಣಮ್ಮ ಒಮ್ಮೆ ಅವಳನ್ನು, ಒಮ್ಮೆ ಇವನನ್ನು ನೋಡಿದರು.

"ಮತ್ತೆ ಎಪ್ಪತ್ನಾಕು ಹೆಂಗೆ ಕೊಟ್ರಿ? ಎರಡು ವರ್ಷಾನೂ?"

"ಕಂಪ್ಯೂಟರಲ್ಲಿ ಪಟ್ಟಿ ಇರುತ್ತೆ. ಕದ್ದು ನೋಡ್ತಿದ್ದೆ. ಹೆಸರು ನೋಡಿ ಕೊಟ್ಟೆ."

ಬೈಯುತ್ತಾರೆ ಎಂದು ಅವನು ತಲೆ ತಗ್ಗಿಸಿದ. ಬೈದಿದ್ದರೆ ಹಗುರಾಗುತ್ತಿತ್ತು, ಅದಕ್ಕೆ ಅವನು ತಯಾರಾಗಿಯೂ ನಿಂತಿದ್ದ. ರುಕ್ಮಿಣಮ್ಮ ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ, ಅವನ ಹತ್ತಿರಕ್ಕೆ ಒಂದು ಹೆಜ್ಜೆ ಬಂದರು.

"ನನ್ನ ಹೆಸರಲ್ಲಿ ಎಂಥ ಕಮ್ಮಿ ಕಾಣ್ತು ಸಾರ್ ನಿಮಗೆ?" ಎಂದು ಕೇಳಿ, ಅವನು ಹೇಳುವುದನ್ನು ಕಾಯುತ್ತಾ ನಿಂತರು.